ಅಪ್‌ಡೇಟ್: ಸೌತೆ, ಬೆಂಡೆಯ ಬೂದಿ ರೋಗ ಹತೋಟಿಗೆ ಬಂದಿದೆ

ಹಿತ್ತಲಿನ ಸೌತೆ, ಬೆಂಡೆ ಎಲೆಗಳ ಮೇಲೆ ಬಿಳಿ ಪುಡಿ ಹರಡುತ್ತಿದೆ, ಏನು ಸಿಂಪಡಿಸಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಇದು ಬೂದಿ ರೋಗವೇ: ಉಜ್ಜಿದರೆ ಪುಡಿ ಬೆರಳಿಗೆ ಅಂಟುತ್ತದೆ, ಕೆಳಗೆ ಎಲೆ ಇನ್ನೂ ಹಸಿರು. ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ, ಎಲೆಯಡಿ ಬೂದುಬಣ್ಣದ ಬೂಷ್ಟು ಇದ್ದರೆ ಅದು ಬೇರೆ ರೋಗ, ಕೆಳಗೆ ಹೇಳುವ ಮದ್ದು ಅದಕ್ಕಲ್ಲ.

ಮೊದಲು ಬುಡದ ಪೂರ್ತಿ ಬೆಳ್ಳಗಾದ ಎಲೆಗಳನ್ನು ಕತ್ತರಿಸಿ ಚೀಲಕ್ಕೆ ತುಂಬಿದೆ. ಒಂದೇ ಸಲ ತೀರಾ ಬೋಳಿಸಬೇಡಿ, ಬಿಸಿಲಿಗೆ ಕಾಯಿ ಸುಡುತ್ತದೆ. ಬೆಂಡೆಗೆ ನೀರಿನಲ್ಲಿ ಬೆರೆಯುವ 80% ಗಂಧಕ, ಲೀಟರಿಗೆ 2 ಗ್ರಾಂ. ಸೌತೆಯ ಜಾತಿಯ ಕೆಲವು ತಳಿಗಳಿಗೆ ಗಂಧಕ ಆಗಿಬರುವುದಿಲ್ಲ, ಎಲೆಯಂಚು ಕಂದಿ ಸುಟ್ಟಂತಾಗುತ್ತದೆ. ಹಾಗಾಗಿ ಸೌತೆಗೆ ಪೊಟ್ಯಾಸಿಯಂ ಬೈಕಾರ್ಬನೇಟ್, ಲೀಟರಿಗೆ 5 ಗ್ರಾಂ, ಜೊತೆಗೆ ಕೆಲವು ಹನಿ ಸೋಪಿನ ದ್ರಾವಣ. ವಾರಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ಎಲೆಯ ಅಡಿಭಾಗಕ್ಕೂ ತಾಗುವಂತೆ.

ಬಿಸಿಲು 32 ಡಿಗ್ರಿ ದಾಟುವ ದಿನ ಗಂಧಕ ಬೇಡವೇ ಬೇಡ. ಬೇವಿನೆಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟು ಗಂಧಕ ಹೊಡೆಯಿರಿ. ಎರಡೂ ಸೇರಿದರೆ ಎಲೆ ಸುಡುತ್ತದೆ.

ಈ ಶಿಲೀಂಧ್ರದ ಬೀಜಕ ಮೊಳೆಯಲು ಎಲೆ ಒದ್ದೆಯಾಗಬೇಕಿಲ್ಲ, ಗಾಳಿಯ ತೇವ ಸಾಕು. ಆದ್ದರಿಂದ ಒತ್ತೊತ್ತಾಗಿದ್ದ ಬಳ್ಳಿಗಳನ್ನು ಚಪ್ಪರಕ್ಕೆ ಬಿಡಿಸಿ ಹಬ್ಬಿಸಿದೆ, ಯೂರಿಯಾ ನಿಲ್ಲಿಸಿದೆ. ಹೊಸ ಚಿಗುರು ಶುದ್ಧ ಹಸಿರಾಗಿ ಬರುತ್ತಿದೆ. ಹಳೆಯ ಎಲೆಯ ಕಲೆ ಮಾತ್ರ ಮಾಯುವುದಿಲ್ಲ.