"ರಿಯಾಯಿತಿ" ಬದಲು "ಮುಕ್ಕಾಲು ಟಿಕೆಟ್" ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಗ್ರಂಥಾಲಯದ ಗೋಡೆಗೆ ಒಂದು ಹಾಳೆ ಬರೆದು ಅಂಟಿಸಬೇಕಿದೆ. ಸರ್ಕಾರಿ ಬಸ್ಸಿನಲ್ಲಿ ಯಾರಿಗೆ ಎಷ್ಟು ಕಡಿಮೆ, ಯಾರಿಗೆ ಪೂರ್ತಿ ಉಚಿತ, ಏನು ತೋರಿಸಬೇಕು ಅನ್ನೋ ವಿವರ. "ಹಿರಿಯ ನಾಗರಿಕರಿಗೆ ಶೇ. 25 ರಿಯಾಯಿತಿ" ಅಂತ ಮೊದಲ ಸಾಲು ಬರೆದೆ, ಆಮೇಲೆ ಹೊಡೆದು ಹಾಕಿದೆ. ಹೋದ ತಿಂಗಳು ಅರಸೀಕೆರೆಯಿಂದ ತಿಪಟೂರಿಗೆ ಹೋಗುವಾಗ ಕಂಡದ್ದು ನೆನಪಾಯಿತು.

ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜ, ಅಜ್ಜಿ ಕೂತಿದ್ದರು. ಅಜ್ಜಿ ಆಧಾರ್ ತೋರಿಸಿ, ಶೂನ್ಯ ಟಿಕೆಟ್ ಇಸ್ಕೊಂಡು, ಸಣ್ಣಗೆ ಮಡಚಿ ಬಳೆ ಸಂದಿಗೆ ಸಿಕ್ಕಿಸಿಕೊಂಡರು. ಕಂಡಕ್ಟರ್ ಅಜ್ಜನ ಕಡೆ ತಿರುಗಿ, "ಯಜಮಾನ್ರೇ, ಅರವತ್ತು ದಾಟೈತಲ್ವಾ? ನೀವೂ ಆಧಾರ್ ತೋರ್ಸಿ, ರಿಯಾಯಿತಿ ಐತೆ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಅಜ್ಜ ಮುಖ ಗಂಟು ಹಾಕಿಕೊಂಡು, "ನಂಗ್ಯಾರ ರಿಯಾಯಿತಿನೂ ಬ್ಯಾಡ ಕಣಪ್ಪ, ಪೂರಾ ದುಡ್ಡು ತಗೊ" ಅಂತ ನೋಟು ಚಾಚಿದರು. ಕಂಡಕ್ಟರ್ ಇನ್ನೊಂದು ಸಲ ಹೇಳಿ ನೋಡಿದರು. ಅಜ್ಜ ಕಿಟಕಿ ಕಡೆ ತಿರುಗಿಬಿಟ್ಟರು.

ಅಜ್ಜ ಪದವನ್ನು ತಪ್ಪು ತಿಳಿದುಕೊಂಡರು ಅಂತ ನನಗೆ ಅನ್ನಿಸಲಿಲ್ಲ. "ತಪ್ಪು ಮಾಡಿದವರಿಗೆ ಯಾವ ರಿಯಾಯಿತಿಯೂ ಇಲ್ಲ" ಅಂತೀವಲ್ಲ, ಅಲ್ಲಿ ರಿಯಾಯಿತಿ ಅಂದರೆ ದಯೆ, ದಾಕ್ಷಿಣ್ಯ. ಅಜ್ಜನ ಕಿವಿಗೆ ಬಿದ್ದದ್ದು ಅದೇ ಅರ್ಥ. ಪದದ ಹುಟ್ಟು ನೋಡಿದರೂ ಹಾಗೇ ಇದೆ. ಅರಬ್ಬಿಯಿಂದ ಪಾರಸಿ, ಉರ್ದು ದಾಟಿ ಬಂದ "ರಿಆಯತ್" ಇದು. ಮೂಲ ಧಾತುವಿಗೆ ಮೇಯಿಸು, ಕಾಯು ಅಂತ ಅರ್ಥ. ಕಾದು ನೋಡಿಕೊಳ್ಳೋದು ರಿಆಯತ್. ಯಾರನ್ನು ಕಾಯಬೇಕೋ ಅವರು, ಅಂದರೆ ಪ್ರಜೆಗಳು, "ರಇಯತ್". ನಮ್ಮ "ರೈತ" ಬಂದದ್ದು ಅಲ್ಲಿಂದಲೇ. ರೈತ, ರಿಯಾಯಿತಿ ಎರಡೂ ಒಂದೇ ಬೇರಿನವು! ಆದರೆ ಎರಡರಲ್ಲೂ ಒಬ್ಬ ಕಾಯುವವನು ಮೇಲೆ, ಕಾಯಿಸಿಕೊಳ್ಳುವವನು ಕೆಳಗೆ. ಅಜ್ಜನಿಗೆ ಹಿಡಿಸದಿದ್ದದ್ದು ಆ ಮೇಲು ಕೆಳಗು ಅಂತ ನನ್ನ ಊಹೆ.

ದಯೆಯಾಗಿ ಕೊಟ್ಟದ್ದನ್ನು ವಾಪಸ್ ತಗೊಳ್ಳೋದೂ ಸುಲಭ. ರೈಲಿನಲ್ಲಿ 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ಕಡಿಮೆ ಇತ್ತು. 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಅದೂ "ರಿಯಾಯಿತಿ"ಯೇ.

ಉಳಿದ ಪದಗಳ ವಿಚಾರ. "ಉಚಿತ" ನನಗೆ ಇಷ್ಟ. ಯಥೋಚಿತ, ಸಮಯೋಚಿತ ಅನ್ನುವಾಗ ಇರೋ "ತಕ್ಕದ್ದು" ಅನ್ನೋ ಅರ್ಥ ಅದರೊಳಗೆ ಇನ್ನೂ ಇದೆ. ಹಿಂದಿಯಲ್ಲಿ ಉಚಿತ್ ಅಂದರೆ ತಕ್ಕದ್ದು ಅಷ್ಟೇ. ತೆಲುಗಿನವರು ಮಾತ್ರ ನಮ್ಮ ಹಾಗೇ ದುಡ್ಡಿಲ್ಲದೆ ಸಿಗೋದಕ್ಕೆ ಉಚಿತಂ ಅಂತಾರೆ. ಮಲಯಾಳದಲ್ಲಿ ಅದಕ್ಕೆ "ಸೌಜನ್ಯ"! "ತಕ್ಕದ್ದು" ಯಾವಾಗ, ಹೇಗೆ "ದುಡ್ಡಿಲ್ಲದ್ದು" ಆಯಿತು? ಹಳೆಯ ಬಳಕೆ ಗೊತ್ತಿರುವವರು ದಯವಿಟ್ಟು ತಿಳಿಸಿ.

"ಬಿಟ್ಟಿ" ಅನ್ನೋ ಪದ ಕೇಳಿದರೆ ನನಗೆ ಸಂಕಟ ಆಗುತ್ತದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ "ಬಿಟ್ಟಿ ಬಸ್ಸು" ಅನ್ನೋ ಮಾತು ಜಾಸ್ತಿ ಕೇಳುತ್ತಿದ್ದೇನೆ. ಇದು ಸಂಸ್ಕೃತದ "ವಿಷ್ಟಿ"ಯ ತದ್ಭವ. ನಮ್ಮ ಶಾಸನಗಳಲ್ಲಿ ಬಿಟ್ಟಿ ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳೋ ಕಡ್ಡಾಯ ದುಡಿಮೆ. ಅಂದು ಬಿಟ್ಟಿ ಕೊಟ್ಟವರು ಬಡವರು, ಪಡೆದವರು ದೊಡ್ಡವರು. ಇವತ್ತು ಅದೇ ಪದವನ್ನು ಬಡ ಹೆಂಗಸರ ಮೇಲೆ ಎಸೆಯೋದು ಬಹಳ ಅನ್ಯಾಯ. ಶೂನ್ಯ ಟಿಕೆಟ್ಟೇನೂ ಲೆಕ್ಕಕ್ಕಿಲ್ಲದ ಚೀಟಿ ಅಲ್ಲ. ಅದರ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ನಿಗಮಗಳಿಗೆ ದುಡ್ಡು ಕೊಡಬೇಕು. ಆ ದುಡ್ಡು ತೆರಿಗೆಯದು. ಬೆಂಕಿಪೊಟ್ಟಣ ಕೊಂಡಾಗ, ಸೋಪು ಕೊಂಡಾಗ ಆ ಅಜ್ಜಿಯೂ ಕಟ್ಟಿದ ತೆರಿಗೆ.

"ವಿಕಲಚೇತನ"ದ ಬಗ್ಗೆ ಒಂದೇ ಮಾತು. ಅಂಗವಿಕಲ ಅನ್ನಬಾರದು ಅಂತ ಇದನ್ನು ತಂದರು. ಆದರೆ ಬಿಡಿಸಿ ನೋಡಿ, ಚೇತನವೇ ಊನ ಅಂದ ಹಾಗಾಗುತ್ತದೆ. ನನ್ನ ಹಾಳೆಯಲ್ಲಿ "100 ಕಿ.ಮೀ. ಪಾಸು" ಅಂತ ಬರೆಯೋಣ ಅಂತಿದ್ದೇನೆ. ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯೋ ವರ್ಷದ ಪಾಸು ಅದು. ಬಸ್ಸಿನಲ್ಲಿ ಕೇಳೋದೂ "ಪಾಸಾ?" ಅಂತ ಅಷ್ಟೇ. ಶಾಲೆ ಮಕ್ಕಳಿಗೂ ಅದೇ ಪದ. ಮೈಯ ಊನ, ಬಡತನ ಯಾವುದನ್ನೂ ಎತ್ತಿ ಆಡದ ಪದ.

ಈಗ ನನ್ನ ಮುಖ್ಯ ಪ್ರಶ್ನೆ. 6ರಿಂದ 12 ವರ್ಷದ ಮಕ್ಕಳಿಗೆ ನಾವು ಯಾವತ್ತೂ "ರಿಯಾಯಿತಿ" ಅನ್ನೋದಿಲ್ಲ. "ಒಂದು ಫುಲ್ಲು, ಎರಡು ಆಫು" ಅಂತೀವಿ, ಇಲ್ಲಾ ಅರ್ಧ ಟಿಕೆಟ್ ಅಂತೀವಿ. ಅದು ಟಿಕೆಟ್ಟಿನ ಹೆಸರು. ಅದರಲ್ಲಿ ಯಾರ ಉಪಕಾರವೂ ಇಲ್ಲ. ಹಾಗಾದರೆ ಶೇ. 25 ಕಡಿಮೆ ಇರೋದಕ್ಕೆ "ಮುಕ್ಕಾಲು ಟಿಕೆಟ್" ಅಂದರೆ ಹೇಗೆ? 40 ರೂಪಾಯಿ ಜಾಗಕ್ಕೆ 30 ರೂಪಾಯಿ, ಮುಕ್ಕಾಲು. ಕಾಲು, ಅರೆ, ಮುಕ್ಕಾಲು ಬಾಯಲ್ಲೇ ಲೆಕ್ಕ ಹಾಕಿದ ಜನಕ್ಕೆ ಶೇಕಡಾಕ್ಕಿಂತ ಬೇಗ ತಿಳಿಯುತ್ತದೆ. "ಯಜಮಾನ್ರೇ, ನಿಮ್ದು ಮುಕ್ಕಾಲು ಟಿಕೆಟ್ಟು" ಅಂದಿದ್ದರೆ ಆ ಅಜ್ಜ ಸುಮ್ನೆ ಆಧಾರ್ ತೆಗೆಯುತ್ತಿದ್ದರು ಅನ್ಸುತ್ತೆ.

ಎರಡು ತೊಡಕು ನನಗೇ ಹೊಳೆದಿವೆ. ಕುಳ್ಳಗಿರೋರನ್ನು "ಆಫ್ ಟಿಕೆಟ್" ಅಂತ ರೇಗಿಸೋದುಂಟು. ನಾಳೆ ವಯಸ್ಸಾದವರನ್ನು "ಮುಕ್ಕಾಲು" ಅಂತ ರೇಗಿಸಿದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಇನ್ನೊಂದು, ದರ ಬದಲಾದರೆ ಪದ ಸುಳ್ಳಾಗುತ್ತದೆ. ಹಾಗಾಗಿ "ಹಿರಿಯರ ಟಿಕೆಟ್" ಅನ್ನೋದನ್ನೂ ಪಕ್ಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. "ನಾಗರಿಕ" ಬೇಡ, ನಮ್ಮ ಕಡೆ ಯಾರ ಬಾಯಲ್ಲೂ ಬರೋದಿಲ್ಲ.

ನಿಮ್ಮ ಕಡೆ, ಅದರಲ್ಲೂ ಹುಬ್ಬಳ್ಳಿ, ಕಲಬುರಗಿ ಬಸ್ಸುಗಳಲ್ಲಿ, ಕಂಡಕ್ಟರ್ ಇದಕ್ಕೆ ಏನಂತಾರೆ? ಅಜ್ಜಂದಿರೇ ಕೇಳುವಾಗ ಯಾವ ಪದ ಬಳಸ್ತಾರೆ? ಕಿವಿಯಾರೆ ಕೇಳಿದ್ದನ್ನು, ಊರಿನ ಹೆಸರು ಸಮೇತ ಬರೆಯಿರಿ. ಹಾಳೆ ಭಾನುವಾರ ಅಂಟಿಸಬೇಕು.