‘ಲಸಿಕೆ ಹಂಚಿಕೆ’: ಹಂಚುವುದಕ್ಕೂ ಹಂಚಿಕೊಳ್ಳುವುದಕ್ಕೂ ಒಂದೇ ಪದ ಸಾಕೆ?

ಪದಚರ್ಚೆಯ ಬಳಗದ ಎಲ್ಲರಿಗೂ ಮುಧೋಳದಿಂದ ನಮಸ್ಕಾರಗಳು.

ಕೋವಿಡ್ ಕಾಲದಲ್ಲಿ ಲಸಿಕೆ ದೇಶದಿಂದ ದೇಶಕ್ಕೆ ಹೇಗೆ ಹೋಯಿತು, ಯಾರಿಗೆ ಮೊದಲು ಸಿಕ್ಕಿತು, ಯಾರು ಕಾಯಬೇಕಾಯಿತು ಎಂಬುದನ್ನು ಕುರಿತು ನಮ್ಮ ತಾಲೂಕಿನ ಆಶಾ ಕಾರ್ಯಕರ್ತೆಯರು ಓದಲೆಂದು ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಕರಡನ್ನು ನಮ್ಮ ಓಣಿಯ ಕಾರ್ಯಕರ್ತೆಯೊಬ್ಬರಿಗೆ ಓದಿ ಹೇಳಿದಾಗ, ‘ಅಂತಾರಾಷ್ಟ್ರೀಯ ಲಸಿಕೆ ಹಂಚಿಕೆ’ ಎಂಬ ತಲೆಬರಹದಲ್ಲಿಯೇ ಅವರು ನನ್ನನ್ನು ತಡೆದರು. “ಹಂಚಿಕಿ ಅಂದ್ರ ನಾವು ಮಾಡಿದ್ದಲ್ರೀ ಸರ? ದವಾಖಾನ್ಯಾಗಿಂದ ಲಸಿಕಿ ಡಬ್ಬಿ ತಂದು ಊರೂರಿಗೆ ಮುಟ್ಟಿಸಿದ್ದು?” ಎಂದರು. ಅವರ ಅರ್ಥ ಸರಿಯಾಗಿಯೇ ಇತ್ತು. ನಾನು ಹೇಳಹೊರಟದ್ದು ಮಾತ್ರ ಅದಾಗಿರಲಿಲ್ಲ. ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಕ್ರಿಯಾಪದದ ಮಟ್ಟದಲ್ಲಿ ಕನ್ನಡಕ್ಕೆ ಇಲ್ಲಿ ಯಾವ ಗೊಂದಲವೂ ಇಲ್ಲ. ‘ಅವ್ವ ಮಕ್ಕಳಿಗೆ ಹೋಳಿಗೆ ಹಂಚಿದಳು’ ಎಂದರೆ ಕೊಡುವ ಕೈ ಒಂದು, ಪಡೆಯುವ ಕೈಗಳು ಬೇರೆ. ‘ಮಕ್ಕಳು ಹೋಳಿಗೆ ಹಂಚಿಕೊಂಡರು’ ಎಂದರೆ ಹೋಳಿಗೆ ಮೊದಲಿನಿಂದಲೂ ಅವರೆಲ್ಲರದು. ಇಷ್ಟು ದೊಡ್ಡ ವ್ಯತ್ಯಾಸವನ್ನು ‘ಕೊಳ್ಳು’ ಎಂಬ ಒಂದು ಸಹಾಯಕ ಧಾತು ಹೊತ್ತಿದೆ. ಆದರೆ ನಾಮಪದ ಮಾಡುವ ಹೊತ್ತಿಗೆ ಅದು ಉದುರಿಹೋಗಿ ಎರಡೂ ‘ಹಂಚಿಕೆ’ಯೇ ಆಗುತ್ತವೆ. ಪಡಿತರ ಹಂಚಿಕೆ, ಸೀಟು ಹಂಚಿಕೆ, ಮಾಹಿತಿ ಹಂಚಿಕೆ, ನದಿನೀರಿನ ಹಂಚಿಕೆ ಎಂಬ ನಾಲ್ಕರಲ್ಲಿಯೂ ಪದ ಒಂದೇ, ಕೊಡುವವರ ಮತ್ತು ಪಡೆಯುವವರ ಸಂಬಂಧ ನಾಲ್ಕು ಬಗೆಯದು. (ನಮ್ಮ ಕಡೆ ‘ಹಂಚಿಕಿ ಹಾಕಿದ’ ಎಂದರೆ ಉಪಾಯ ಹೂಡಿದ ಎಂಬ ಅರ್ಥವೂ ಇದೆ; ಅದನ್ನು ಇಲ್ಲಿಗೆ ಎಳೆಯುವುದಿಲ್ಲ.)

ಲಸಿಕೆಯ ವಿಷಯದಲ್ಲಿ ಈ ಗೊಂದಲ ಬರಿಯ ವ್ಯಾಕರಣದ್ದಾಗಿ ಉಳಿಯುವುದಿಲ್ಲ. 2020ರಲ್ಲಿ ಗಾವಿ (ಬಡ ದೇಶಗಳಿಗೆ ಲಸಿಕೆ ಒದಗಿಸುವ ಒಕ್ಕೂಟ), ಸೆಪಿ (ಹೊಸ ಲಸಿಕೆಗಳ ಸಂಶೋಧನೆಗೆ ಹಣ ಕೊಡುವ ಒಕ್ಕೂಟ) ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳು ಸೇರಿ, ಲಸಿಕೆಯನ್ನು ಒಟ್ಟಾಗಿ ಕೊಂಡು ದೇಶಗಳಿಗೆ ಒದಗಿಸಲೆಂದು ಕಟ್ಟಿದ ಕೋವ್ಯಾಕ್ಸ್ ವ್ಯವಸ್ಥೆಯಲ್ಲಿ, ಸೇರಿದ ಪ್ರತಿಯೊಂದು ದೇಶಕ್ಕೂ ಮೊದಲ ಹಂತದಲ್ಲಿ ಅದರ ಜನಸಂಖ್ಯೆಯ ಶೇಕಡಾ 20ರಷ್ಟು ಮಂದಿಗೆ ಸಾಲುವ ಲಸಿಕೆ ದೊರೆಯಬೇಕೆಂಬುದು ಗುರಿಯಾಗಿತ್ತು. 2021ರ ಫೆಬ್ರುವರಿ 24ರಂದು ಆ ವ್ಯವಸ್ಥೆಯ ಮೊದಲ ಸಾಗಣೆಯಾಗಿ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ ತಯಾರಾದ 6 ಲಕ್ಷ ಡೋಸುಗಳು ಘಾನಾ ದೇಶವನ್ನು ತಲುಪಿದವು. ನನ್ನ ಮೊದಲ ಕರಡಿನಲ್ಲಿ ಇದನ್ನು ‘ದಾನ’ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಖರೀದಿಯ ಹಣದ ಬಹುಪಾಲು ಶ್ರೀಮಂತ ದೇಶಗಳಿಂದ ಬಂದದ್ದು ನಿಜವಾದರೂ, ಘಾನಾಕ್ಕೆ ಆ ಡೋಸುಗಳು ಸಂದದ್ದು ಎಲ್ಲರೂ ಮೊದಲೇ ಒಪ್ಪಿದ ಲೆಕ್ಕದ ಪ್ರಕಾರವೇ ಹೊರತು ಯಾರದೋ ಮರ್ಜಿಯಿಂದಲ್ಲ. ಘಟಪ್ರಭಾ ಕಾಲುವೆಯ ಕೊನೆಯ ಭಾಗದ ರೈತ ತನ್ನ ಪಾಳಿಯ ನೀರನ್ನು ಮೇಲ್ಭಾಗದವರ ದಾನವೆಂದು ಕರೆಯುವುದಿಲ್ಲ. ಪಾಳಿ ತಪ್ಪಿದರೆ ಜಗಳಕ್ಕೆ ನಿಲ್ಲುತ್ತಾನೆ, ಆ ಜಗಳ ನ್ಯಾಯವಾದದ್ದೆಂದು ಊರೂ ಒಪ್ಪುತ್ತದೆ.

‘ದಾನ’ಕ್ಕೆ ಸಲ್ಲುವ ಸಂದರ್ಭಗಳೂ ಇವೆ. ಸಿಡುಬು ನಿರ್ಮೂಲನದ ಕಾಲದಲ್ಲಿ ಸೋವಿಯತ್ ಒಕ್ಕೂಟ ನೂರು ಕೋಟಿಗೂ ಹೆಚ್ಚು ಡೋಸು ಲಸಿಕೆಯನ್ನು ಬೆಲೆ ಪಡೆಯದೆ ಕೊಟ್ಟಿತು. ಭಾರತವೂ ಅದನ್ನು ಪಡೆದ ದೇಶ. ಅದನ್ನು ದಾನವೆನ್ನಲು ನನಗೆ ಅಳುಕಿಲ್ಲ. ಆದರೆ 2021ರ ಕೊನೆಯಲ್ಲಿ ಶ್ರೀಮಂತ ದೇಶಗಳು ತಮ್ಮಲ್ಲಿ ಮಿಕ್ಕ ಡೋಸುಗಳನ್ನು ಅವಧಿ ಮುಗಿಯಲು ಕೆಲವೇ ವಾರಗಳಿರುವಾಗ ಆಫ್ರಿಕಾಕ್ಕೆ ಕಳಿಸಿದವು, ಆ ಡಿಸೆಂಬರಿನಲ್ಲಿ ನೈಜೀರಿಯಾ ಅವಧಿ ಮೀರಿದ 10 ಲಕ್ಷಕ್ಕೂ ಹೆಚ್ಚು ಡೋಸುಗಳನ್ನು ಅಬೂಜಾದಲ್ಲಿ ನಾಶಪಡಿಸಬೇಕಾಯಿತು. ಅದನ್ನೂ ‘ಲಸಿಕೆ ದಾನ’ ಎಂದೇ ಬರೆದರೆ, ಉಳಿದದ್ದನ್ನು ದಾಟಿಸಿದವನು ದಾನಿಯಾಗುತ್ತಾನೆ, ಕೆಟ್ಟದ್ದನ್ನು ನಾಶಪಡಿಸುವ ಖರ್ಚು ಹೊತ್ತವನು ಋಣಿಯಾಗುತ್ತಾನೆ. ಇಂಥಲ್ಲಿ ಪುಣ್ಯದ ವಾಸನೆಯಿಲ್ಲದ ‘ಉಚಿತ ಪೂರೈಕೆ’ ಎಂಬ ಸಪ್ಪೆ ಮಾತೇ ಲೇಸೆಂದು ನನಗೆ ತೋರುತ್ತದೆ. ಹೊರದೇಶಗಳಿಗೆ ಕೋವಿಡ್ ಲಸಿಕೆ ಕಳಿಸಿದ ನಮ್ಮ ದೇಶದ ‘ಲಸಿಕೆ ಮೈತ್ರಿ’ ಕಾರ್ಯಕ್ರಮದಲ್ಲಿಯೂ ಉಡುಗೊರೆ, ಮಾರಾಟ, ಕೋವ್ಯಾಕ್ಸ್‌ಗೆ ಪೂರೈಕೆ ಎಂಬ ಮೂರು ಬಗೆಗಳಿದ್ದವು. 2021ರ ಜನವರಿಯಲ್ಲಿ ಭೂತಾನಕ್ಕೆ ಹೋದದ್ದು ಉಡುಗೊರೆ, ಬ್ರೆಜಿಲಿಗೆ ಹೋದದ್ದು ಮಾರಾಟ. ಎರಡಕ್ಕೂ ‘ನೆರವು’ ಎಂಬ ಒಂದೇ ಮಾತು ಒಪ್ಪುವುದಿಲ್ಲ.

ಇನ್ನು ನಾನು ನಿಜವಾಗಿ ಸಿಕ್ಕಿಕೊಂಡಿರುವ ಜಾಗಕ್ಕೆ ಬರುತ್ತೇನೆ. 2007ರಲ್ಲಿ ಇಂಡೋನೇಷ್ಯಾ ತನ್ನಲ್ಲಿನ ಹಕ್ಕಿಜ್ವರದ ವೈರಾಣು ಮಾದರಿಗಳನ್ನು ಹೊರಗೆ ಕಳಿಸಲು ನಿರಾಕರಿಸಿತು. ‘ಮಾದರಿ ನಮ್ಮದು, ಅದರಿಂದಾದ ಲಸಿಕೆ ಮಾತ್ರ ನಮ್ಮ ಕೈಗೆ ಎಟುಕದ ಬೆಲೆಯದು’ ಎಂಬುದು ಅದರ ತಕರಾರಿನ ತಿರುಳು. ಆ ವಾದದಿಂದಲೇ 2011ರಲ್ಲಿ ಇನ್‌ಫ್ಲುಯೆಂಜಾಕ್ಕೆ ಒಂದು ಅಂತಾರಾಷ್ಟ್ರೀಯ ಕಟ್ಟುಪಾಡು ರೂಪುಗೊಂಡಿತು. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಮಹಾಪಿಡುಗಿನ ಒಪ್ಪಂದವೂ ಇದೇ ಎಳೆಯನ್ನು ಹಿಡಿದಿದೆ: ರೋಗಾಣುವಿನ ಮಾದರಿ ಮತ್ತು ಮಾಹಿತಿ ಬೇಗ ಹೊರಬರಬೇಕು, ಪ್ರತಿಯಾಗಿ, ಈ ವ್ಯವಸ್ಥೆಗೆ ಸೇರಿದ ತಯಾರಕರು ಪಿಡುಗಿನ ಹೊತ್ತಿನಲ್ಲಿ ತಮ್ಮ ಉತ್ಪಾದನೆಯ ಶೇಕಡಾ 20ನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವ ಗುರಿ ಇರಬೇಕು, ಅದರಲ್ಲಿ ಉತ್ಪಾದನೆಯ ಕನಿಷ್ಠ ಶೇಕಡಾ 10ರಷ್ಟು ಬೆಲೆಯಿಲ್ಲದೆ, ಉಳಿದದ್ದು ಕೈಗೆಟುಕುವ ಬೆಲೆಗೆ. ಇಂಗ್ಲಿಷಿನಲ್ಲಿ ‘ಬೆನಿಫಿಟ್ ಶೇರಿಂಗ್’ ಎನ್ನುವ ಇದನ್ನು ‘ಲಾಭ ಹಂಚಿಕೆ’ ಎಂದು ಬರೆದರೆ ಓದುವವರಿಗೆ ಪಾಲುದಾರರ ಅಂಗಡಿಯ ವರ್ಷದ ಲೆಕ್ಕ ನೆನಪಾಗುತ್ತದೆ.

ನನ್ನ ಮನಸ್ಸು ನಮ್ಮ ಕಣದ ಕಡೆಗೆ ಹೋಗುತ್ತದೆ. ಪಾಲಿಗೆ ಹೊಲ ಮಾಡುವಲ್ಲಿ ಒಬ್ಬರು ಭೂಮಿ ಕೊಡುತ್ತಾರೆ, ಇನ್ನೊಬ್ಬರು ದುಡಿಯುತ್ತಾರೆ. ರಾಶಿ ಆದಾಗ ಇಬ್ಬರೂ ತಮ್ಮ ಪಾಲನ್ನು ತಲೆಯೆತ್ತಿ ಒಯ್ಯುತ್ತಾರೆ. ಅದೇ ಕಣದಲ್ಲಿ ಬಡಿಗ, ಕಮ್ಮಾರ, ಕುಂಬಾರರಿಗೆ ವರ್ಷದ ಕೆಲಸಕ್ಕಾಗಿ ‘ಆಯ’ ಸಲ್ಲುತ್ತಿತ್ತು. ಬೇಡಿ ಬಂದವರಿಗೂ ಒಂದು ಮೊರ ಜೋಳ ಸಿಗುತ್ತಿತ್ತು, ಅದು ‘ಧರ್ಮ’. ಒಂದೇ ರಾಶಿಯಿಂದ ಹೋಗುವ ಜೋಳಕ್ಕೆ ಪಾಲು, ಆಯ, ಧರ್ಮ ಎಂದು ಮೂರು ಹೆಸರುಗಳು. ಯಾವುದು ಹಕ್ಕು, ಯಾವುದು ಕರುಣೆ ಎಂಬುದರಲ್ಲಿ ಅನುಮಾನವಿರಲಿಲ್ಲ. ‘ಆಯ’ವನ್ನು ಬಳಸಲು ನನಗೆ ಮನಸ್ಸಿಲ್ಲ, ಅದಕ್ಕೆ ಜಾತಿಯ ಮೇಲುಕೀಳು ಅಂಟಿಕೊಂಡಿದೆ, ಅಳೆದು ಕೊಡುವ ಕೈ ಯಾವಾಗಲೂ ಹೊಲದೊಡೆಯನದೇ ಆಗಿತ್ತು. ‘ಪಾಲು’ ಎಂಬುದು ಹಾಗಲ್ಲ. ಅಣ್ಣತಮ್ಮಂದಿರ ನಡುವೆಯೂ ನಡೆಯುವ ಪದ ಅದು, ಕೇಳಿ ಪಡೆಯಬಹುದಾದದ್ದು.

ಆದ್ದರಿಂದ ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ‘ವಿತರಣೆ’ ಎಂದೂ, ಯಾವ ದೇಶಕ್ಕೆ ಎಷ್ಟೆಂಬ ತೀರ್ಮಾನಕ್ಕೆ ‘ಪಾಲು ನಿಗದಿ’ ಎಂದೂ, ಮಾದರಿ ಕೊಟ್ಟ ದೇಶಕ್ಕೆ ಸಲ್ಲಬೇಕಾದದ್ದಕ್ಕೆ ‘ಫಲದ ಪಾಲು’ ಎಂದೂ ಬರೆದು ನೋಡಿದ್ದೇನೆ. ಕೊನೆಯದನ್ನು ಮತ್ತೆ ಆ ಕಾರ್ಯಕರ್ತೆಗೆ ಓದಿದಾಗ ಅವರು ಅರ್ಥ ಕೇಳಲಿಲ್ಲ, “ಪಾಲು ಕೊಟ್ರೇನ್ರೀ ಮತ್ತ?” ಎಂದು ಕೇಳಿದರು. ಆದರೆ ದೇಶದೇಶಗಳು ಒಂದಾಗಿ, ಇರುವುದನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುವುದಕ್ಕೆ ‘ಹಂಚಿಕೊಳ್ಳುವಿಕೆ’ ಎಂಬ ಉದ್ದದ ರೂಪ ತಲೆಬರಹದಲ್ಲಿ ಕೂರುವುದಿಲ್ಲ, ‘ಸಹಭಾಗಿತ್ವ’ ಎಂದರೆ ವಸ್ತುವೇ ಕಣ್ಮರೆಯಾಗುತ್ತದೆ. ‘ಕೊಳ್ಳು’ವಿನ ಅರ್ಥವನ್ನು ಉಳಿಸಿಕೊಂಡ ಒಂದು ಚಿಕ್ಕ ನಾಮಪದ ಹಳೆಯ ಶಾಸನಗಳಲ್ಲಿ, ಕರಾವಳಿಯ ಅಥವಾ ಮಲೆನಾಡಿನ ಆಡುಮಾತಿನಲ್ಲಿ ನಿಮ್ಮ ಯಾರಿಗಾದರೂ ಕಂಡಿದ್ದರೆ, ಬಳಕೆಯ ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ. ‘ಫಲದ ಪಾಲು’ ನಿಮ್ಮ ಕಡೆಯ ಕಿವಿಗೆ ಹೊಲದ ಮಾತಾಗಿ ಮಾತ್ರ ಕೇಳುತ್ತದೆಯೇ ಎಂಬುದನ್ನೂ ಬರೆಯಬೇಕೆಂದು ಕೋರುತ್ತೇನೆ.