ಸಹಾಯ ಬೇಕು: ಕಾಫಿ ರಫ್ತು ಗಳಿಕೆ ಲೆಕ್ಕದಲ್ಲಿ ಇನ್‌ಸ್ಟಂಟ್ ಪುಡಿಯ ತೂಕ ಯಾವುದು ಹಿಡಿಯೋದು?

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ಬೆಳೆಗಾರರ ಸಭೆಗೆ ಒಂದು ಪಟ್ಟಿ ಮಾಡ್ತಿದ್ದೇನೆ. 2023-24ರಿಂದ 2024-25ಕ್ಕೆ ದೇಶದ ಕಾಫಿ ರಫ್ತು ಗಳಿಕೆ ಏರಿತಲ್ಲ, ಅದರಲ್ಲಿ ಬೆಲೆಯ ಪಾಲೆಷ್ಟು, ತೂಕದ ಪಾಲೆಷ್ಟು ಅಂತ ಬಿಡಿಸಬೇಕು.

ಅರೇಬಿಕಾ, ರೋಬಸ್ಟಾ ಬೀಜದ್ದು ತೊಂದರೆ ಇಲ್ಲ. ಬೆಲೆ ವ್ಯತ್ಯಾಸವನ್ನು ಹಳೇ ವರ್ಷದ ತೂಕಕ್ಕೆ, ತೂಕದ ವ್ಯತ್ಯಾಸವನ್ನು ಹೊಸ ವರ್ಷದ ಬೆಲೆಗೆ ಗುಣಿಸಿ ಕೂಡಿದರೆ ಒಟ್ಟು ಏರಿಕೆಗೆ ಸರಿಯಾಗಿ ಕೂರುತ್ತೆ. ಎಲ್ಲಾ ಡಾಲರಿನಲ್ಲೇ ಇಟ್ಟಿದ್ದೇನೆ, ರೂಪಾಯಿ ಕುಸಿತ ಬೆಲೆ ಏರಿಕೆ ಥರ ಕಾಣಬಾರದಲ್ಲ.

ಸಿಕ್ಕಿಕೊಂಡಿರೋದು ಇನ್‌ಸ್ಟಂಟ್‌ನಲ್ಲಿ. ಎಚ್‌ಎಸ್ ಕೋಡ್ (ಆಮದು-ರಫ್ತಿನಲ್ಲಿ ಸರಕು ಗುರುತಿಸೋ ಅಂತರರಾಷ್ಟ್ರೀಯ ಸಂಖ್ಯೆ) 2101 ಇಡೀ ತಗೊಂಡರೆ ಚಹಾ ಸಾರ, ಹುರಿದ ಚಿಕೋರಿ ಎರಡೂ ಒಳಗೆ ಬರುತ್ತೆ. ಹಾಗಾಗಿ 210111 (ಕಾಫಿ ಸಾರ, ಅಂದರೆ ಇನ್‌ಸ್ಟಂಟ್ ಪುಡಿ), 210112 (ಆ ಸಾರ ಅಥವಾ ಕಾಫಿಯಿಂದ ಮಾಡಿದ ತಯಾರಿಕೆಗಳು) ಮಾತ್ರ ಹಿಡಿದೆ. ಅಲ್ಲಿರೋದು ಪುಡಿಯ ತೂಕ. ಬೀಜದ ಲೆಕ್ಕಕ್ಕೆ ತರಲು, ಒಂದು ಕಿಲೋ ಪುಡಿಗೆ 2.6 ಕಿಲೋ ಹಸಿರು ಬೀಜ ಅಂತ ಹಿಡಿದು, 2.6ರಿಂದ ಗುಣಿಸೋದು ವಾಡಿಕೆ. ಆದರೆ 210112ರಲ್ಲಿ ಸಕ್ಕರೆ, ಹಾಲಿನ ಪುಡಿ ಬೆರೆಸಿದ ಮಿಶ್ರಣಗಳೂ ಸೇರಬಹುದು, ಅದಕ್ಕೆ 2.6 ಹಾಕಿದರೆ ಇಲ್ಲದ ಬೀಜ ಹುಟ್ಟುತ್ತೆ! ಇನ್‌ಸ್ಟಂಟ್ ಒಂದನ್ನೇ ನೋಡಿದರೆ ಯಾವ ತೂಕ ಹಿಡಿದರೂ ಉತ್ತರ ಒಂದೇ. ಮೂರೂ ಬಗೆ ಕೂಡಿಸಿ ಸರಾಸರಿ ಬೆಲೆ ತೆಗೆದಾಗ ಮಾತ್ರ ಬೇರೆ ಬರುತ್ತೆ.

ಇನ್ನೊಂದು ಗಂಟು: ಆಮದು ಬೀಜದಿಂದ ಪುಡಿ ಮಾಡಿ ಮರುರಫ್ತು ಮಾಡಿದ್ದೂ ಇದರಲ್ಲೇ ಇದೆ. ಆ ದುಡ್ಡು ನಮ್ಮ ತೋಟದ್ದಲ್ಲ.

ಗೊತ್ತಿರೋರು ಹೇಳಿ: ಒಟ್ಟು ಸರಾಸರಿಗೆ 210111ಕ್ಕೆ ಮಾತ್ರ 2.6 ಹಾಕಿ 210112 ಪ್ರತ್ಯೇಕ ಇಡಲೇ? ಮರುರಫ್ತಿನ ಪೂರ್ತಿ ಮೌಲ್ಯ ಕಳೆಯಬೇಕೋ, ಆಮದು ಬೀಜದ ಬೆಲೆ ಮಾತ್ರವೋ?